‘ಗಾರ್ಡ್’ ಪದದ ಬೇರು ಹುಡುಕುವುದು ಹೇಗೆ?

ಶಿರಸಿಯಲ್ಲಿ ಫಾರೆಸ್ಟ್ ಗಾರ್ಡ್, ಕಾರವಾರದಲ್ಲಿ ಕೋಸ್ಟ್ ಗಾರ್ಡ್, ಬೈಕಿಗೆ ಮಡ್‌ಗಾರ್ಡ್. ಕಾರವಾರದ ಮಾಲಾದೇವಿ ಮೈದಾನದಲ್ಲಿ ಕ್ರಿಕೆಟ್ ಆಡುವ ಹುಡುಗರೂ ‘ಗಾರ್ಡ್’ ತಗೊಳ್ಳುತ್ತಾರೆ. ಮೂಲ ಕೇಳಿದರೆ ಮಾತ್ರ, ‘ಕಾವಲುಗಾರ’ದ ಗಾರವೇ ಗಾರ್ಡ್ ಆಯ್ತು ಎನ್ನುವವರಿದ್ದಾರೆ. ಹಾಗಲ್ಲ. ಹುಡುಕುವ ಕ್ರಮ ಹೀಗಿದೆ.

1. ಅರ್ಥಗಳನ್ನು ಬರೆದುಕೊಳ್ಳಿ: ಕಾಯುವವನು, ಕಾಯುವ ವಸ್ತು, ಕಾಯುವ ಕೆಲಸ, ಹೊಡೆತ ತಡೆಯುವ ನಿಲುವು.

2. ಪದದ ಹುಟ್ಟು ಕೊಡುವ ನಿಘಂಟು ತೆರೆಯಿರಿ. ಬಸ್‌ಸ್ಟ್ಯಾಂಡಿನಲ್ಲಿ ಸಿಗುವ ಪಾಕೆಟ್ ಡಿಕ್ಷನರಿ ಬೇಡವೇ ಬೇಡ, ಅದರಲ್ಲಿ ಮೂಲ ಇರುವುದಿಲ್ಲ. ಆಕ್ಸ್‌ಫರ್ಡಿನ ದೊಡ್ಡ ನಿಘಂಟು ಲೈಬ್ರರಿಯಲ್ಲಿ ಸಿಕ್ಕರೆ ಬಿಡಬೇಡಿ.

3. ಇನ್ನು ಎಲ್ಲರೂ ಎಡವುವ ಹಂತ. ಕಿವಿಗೆ ಒಂದೇ ತರಹ ಕೇಳಿದ್ದಕ್ಕೆ ನೆಂಟಸ್ತನ ಕಟ್ಟಬೇಡಿ. ಧ್ವನಿ ಯಾವ ದಾರಿಯಲ್ಲಿ ಬದಲಾಯಿತು ನೋಡಿ. ಕಾಯುವುದು ಎಂಬರ್ಥದ ಜರ್ಮ್ಯಾನಿಕ್ (ಇಂಗ್ಲಿಷ್, ಜರ್ಮನ್ ಸೇರಿದ ಭಾಷಾ ಕುಟುಂಬ) ಮೂಲದಲ್ಲಿ ಮೊದಲಿದ್ದದ್ದು ‘ವ’. ಹಳೆಯ ಇಂಗ್ಲಿಷಿನಲ್ಲಿ ಅದು ಹಾಗೇ ಉಳಿದು ‘ವಾರ್ಡ್’ ಆಯಿತು. ಫ್ರೆಂಚರ ಬಾಯಲ್ಲಿ ‘ವ’ಕ್ಕೆ ಮೊದಲು ‘ಗ’ ಸೇರಿ ‘ಗ್ವ’, ಆಮೇಲೆ ಬರೀ ‘ಗ’ ಆಯಿತು. ಆ ‘ಗಾರ್ಡ್’ 15ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂತು. ಅಂದರೆ ಶಿರಸಿ ನಗರಸಭೆಯ ವಾರ್ಡ್, ಹಾಸ್ಟೆಲ್ ವಾರ್ಡನ್, ಫಾರೆಸ್ಟ್ ಗಾರ್ಡ್ ಎಲ್ಲ ಒಂದೇ ಮನೆಯವರು!

ಒಂದೇ ಜೋಡಿ ನೋಡಿ ನಂಬಬೇಡಿ, ಇನ್ನೂ ನಾಲ್ಕು ಹುಡುಕಿ. ಉತ್ತರ ಫ್ರಾನ್ಸಿನ ನಾರ್ಮನ್ನರು ‘ವ’ ಬಿಟ್ಟಿರಲಿಲ್ಲ. 1066ರಲ್ಲಿ ಅವರು ಇಂಗ್ಲೆಂಡ್ ಗೆದ್ದ ಮೇಲೆ ಆ ರೂಪಗಳೂ ಒಳಗೆ ಬಂದವು. ಹಾಗಾಗಿಯೇ ವಾರಂಟಿ ಮತ್ತು ಗ್ಯಾರಂಟಿ, ರಿವಾರ್ಡ್ ಮತ್ತು ರಿಗಾರ್ಡ್. ಇಂಗ್ಲಿಷಿನ ವಿಲಿಯಂ ಫ್ರೆಂಚಿನಲ್ಲಿ ಗಿಯೋಮ್. ಇಷ್ಟು ಜೋಡಿ ಒಂದೇ ಮಾದರಿಯಲ್ಲಿ ಸಿಕ್ಕಿದರೆ ಅದು ಪುರಾವೆ.

ಗಾರ್ಡನ್ ಕೂಡ ಇದೇ ಕುಲ ಅಂತ ಅನಿಸುತ್ತೆ, ಅಲ್ವಾ? ಅಲ್ಲ. ಅದರ ಮೂಲದ ಅರ್ಥ ಬೇಲಿ ಹಾಕಿದ ಜಾಗ. ಅದರ ನೆಂಟ ‘ಯಾರ್ಡ್’.

4. ಕನ್ನಡದ ಕಡೆಯನ್ನೂ ಪರೀಕ್ಷಿಸಿ. ಇದಕ್ಕೆ ನಾನು ಹೇಳುವುದು 1894ರ ಕಿಟ್ಟೆಲ್ ನಿಘಂಟೇ. ‘ಕಾವಲು’ ಬಂದದ್ದು ‘ಕಾ’, ‘ಕಾಯ್’ ಧಾತುವಿನಿಂದ. ತಮಿಳಿನಲ್ಲೂ ಕಾವಲ್ ಇದೆ. ‘ಗಾರ’ ಸಂಸ್ಕೃತದ ‘ಕಾರ’ದಿಂದ ಬಂದ ಪ್ರತ್ಯಯ, ಬಳೆಗಾರ, ಹಾಡುಗಾರದಲ್ಲಿ ಇರುವುದೂ ಅದೇ. ಅದಕ್ಕೆ ಕಾಯುವ ಅರ್ಥವೇ ಇಲ್ಲ.

5. ಈಗಿನ ಬಳಕೆಯನ್ನೂ ಇಸವಿ ಹಾಕಿ ಸೇರಿಸಿ. ರೈಲಿನ ಗಾರ್ಡ್‌ಗೆ ಭಾರತೀಯ ರೈಲ್ವೆ 2022ರಲ್ಲಿ ‘ಟ್ರೇನ್ ಮ್ಯಾನೇಜರ್’ ಎಂದು ಹೆಸರಿಟ್ಟಿತು. ಅದೂ ನಿಮ್ಮ ಪಟ್ಟಿಯಲ್ಲಿರಲಿ.