ಗಾಳಿಮಳೆಗೆ ಮಾಡು ಹೋದಾಗ ವಿಮೆ ಹಣ ಪಡೆದದ್ದು ಹೀಗೆ

ಮನೆ ವಿಮೆಯ ಕ್ಲೇಮ್‌ನಲ್ಲಿ ಎಲ್ಲವೂ ಒಂದೇ ಪ್ರಶ್ನೆಯ ಮೇಲೆ ನಿಲ್ಲುತ್ತದೆ. ಇದು ಗಾಳಿಗೆ ಹೋದದ್ದೋ, ಹಳೆಯದಾಗಿ ಹೋದದ್ದೋ? ಗಾಳಿಗೆ ಹೋದದ್ದಕ್ಕೆ ಹಣ ಸಿಗುತ್ತದೆ. ಸವೆದು, ಗೆದ್ದಲು ಹಿಡಿದು, ವರ್ಷಗಟ್ಟಲೆ ಸೋರಿ ಹಾಳಾದದ್ದಕ್ಕೆ ಸಿಗುವುದಿಲ್ಲ. ನಾನು ಜೋಡಿಸಿದ ಒಂದೊಂದು ಕಾಗದವೂ ಈ ಪ್ರಶ್ನೆಗೆ ಉತ್ತರವಾಗಿತ್ತು.

ನಮ್ಮದು ಪುತ್ತೂರು ಕಡೆಯ ಹಳ್ಳಿಮನೆ. ಎದುರಿಗೆ ಹಂಚಿನ ಮಾಡು (ಛಾವಣಿ), ಹಿಂದೆ ಅಡುಗೆಮನೆಗೆ ಶೀಟು. ಮೇ ತಿಂಗಳ ಗಾಳಿಗೆ ಹೆಬ್ಬಲಸಿನ ದೊಡ್ಡ ಕೊಂಬೆ ಮಾಡಿನ ಮೇಲೆ ಬಿತ್ತು, ಶೀಟುಗಳು ಹಾರಿದವು, ಕಂಪೌಂಡು ಗೋಡೆಯ ಒಂದು ಭಾಗ ಕುಸಿಯಿತು. ಗೃಹಸಾಲದ ಜೊತೆ ಮಾಡಿಸಿದ್ದ ‘ಭಾರತ್ ಗೃಹ ರಕ್ಷಾ’ ಪಾಲಿಸಿ ಇತ್ತು. 2021ರ ಏಪ್ರಿಲ್‌ನಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಕೊಡಬೇಕಾದ ಪಾಲಿಸಿ ಇದು. ಬಿರುಗಾಳಿ, ನೆರೆ, ಮರ ಬಿದ್ದು ಆಗುವ ಹಾನಿ, ಎಲ್ಲವೂ ಇದರಲ್ಲಿದೆ. ಮನೆಯೊಳಗಿನ ಸಾಮಾನಿಗೂ ಕಟ್ಟಡದ ವಿಮಾ ಮೊತ್ತದ ಶೇ 20ರವರೆಗೆ, ಹೆಚ್ಚೆಂದರೆ 10 ಲಕ್ಷ ರೂಪಾಯಿಯವರೆಗೆ, ರಕ್ಷಣೆ ತಾನಾಗಿಯೇ ಸಿಗುತ್ತದೆ. ಒದ್ದೆಯಾಗಿ ಕೆಟ್ಟ ಮಿಕ್ಸಿ, ಹಾಸಿಗೆಗೆ ಹಣ ಕೇಳಬಹುದು ಅಂತ ಬಹಳ ಜನಕ್ಕೆ ಗೊತ್ತೇ ಇಲ್ಲ.

ಮಳೆ ಸುರಿಯುವಾಗ ಸರ್ವೇಯರ್ (ಹಾನಿ ಅಳೆಯಲು ಕಂಪನಿ ನೇಮಿಸುವವರು) ಬರಲಿ ಅಂತ ಮಾಡು ತೆರೆದಿಟ್ಟು ಕೂರಲು ಆಗುತ್ತದಾ? ಕೂರಲೂಬಾರದು. ಹಾನಿ ಜಾಸ್ತಿಯಾಗದಂತೆ ನೋಡಿಕೊಳ್ಳುವುದು ಮನೆಯವರ ಹೊಣೆ ಎಂದು ಪಾಲಿಸಿಯೇ ಹೇಳುತ್ತದೆ. ಮೊದಲು ಫೋಟೊ, ವಿಡಿಯೊ, ಆಮೇಲೆ ಟಾರ್ಪಾಲು. ಕೊಂಬೆ ಮಾಡಿನ ಮೇಲೆ ಇದ್ದಂತೆಯೇ ನಾಲ್ಕೂ ಕಡೆಯಿಂದ ತೆಗೆದೆ. ಹಂಚು ಹೊರುವ ಮರದ ಪಕಾಸು, ರೀಪುಗಳು ಮುರಿದದ್ದನ್ನು ಹತ್ತಿರದಿಂದ ತೆಗೆದೆ. ಹೊಸದಾಗಿ ಮುರಿದ ಮರದ ಒಳಭಾಗ ತಿಳಿಬಣ್ಣಕ್ಕೆ ಇರುತ್ತದೆ, ಕುಂಬಾದದ್ದು (ಕೊಳೆತದ್ದು) ಕಪ್ಪಾಗಿ ಪುಡಿಪುಡಿಯಾಗುತ್ತದೆ. ಆ ಮರದ ತುಂಡುಗಳನ್ನೂ ಒಡೆದ ಹಂಚುಗಳನ್ನೂ ಜಗಲಿಯ ಮೂಲೆಯಲ್ಲಿ ಹಾಗೇ ಇಟ್ಟೆ. ಟಾರ್ಪಾಲಿನ ಬಿಲ್ಲನ್ನೂ ಇಟ್ಟುಕೊಂಡೆ. ಕಂಪನಿಗೆ ಫೋನ್ ಮಾಡಿ ಕ್ಲೇಮ್ ನಂಬರ್ ತಗೊಂಡೆ, ಅದೇ ವಿಷಯವನ್ನು ಇಮೇಲ್‌ನಲ್ಲೂ ಬರೆದೆ.

ಗ್ರಾಮ ಆಡಳಿತ ಅಧಿಕಾರಿ ಬಂದು ಮಹಜರು ಮಾಡಿದರು. ಅದರ ಪ್ರತಿ ಕೇಳಿ ಪಡೆಯಿರಿ. ಯಾವ ದಿನ, ಯಾವ ಕಾರಣಕ್ಕೆ ಹಾನಿಯಾಯಿತು ಎಂದು ಮೂರನೆಯವರು ಬರೆದ ದಾಖಲೆ ಅದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಪಂಚಾಯಿತಿ ಮಟ್ಟದಲ್ಲಿವೆ, ಹವಾಮಾನ ಕೇಂದ್ರಗಳು ಹೋಬಳಿ ಮಟ್ಟದಲ್ಲಿವೆ. ಆ ದಿನದ ಅಂಕಿಗಳನ್ನೂ ಲಗತ್ತಿಸಿದೆ.

2024ರ ನಿಯಮದಂತೆ ಕ್ಲೇಮ್ ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್ ನೇಮಕವಾಗಬೇಕು, ಅವರು 15 ದಿನದಲ್ಲಿ ವರದಿ ಕೊಡಬೇಕು. ವರದಿ ಬಂದ 7 ದಿನದಲ್ಲಿ ಕಂಪನಿ ತೀರ್ಮಾನ ಹೇಳಬೇಕು. ಬಂದ ಸರ್ವೇಯರ್ ಮುಚ್ಚಿಗೆಯ (ಕೋಣೆಯ ಒಳಮಾಡಿನ) ಕಲೆ ನೋಡಿ, “ಮೇಡಂ, ಇದು ಹಳೇ ಸೋರಿಕೆ ಅಲ್ವಾ?” ಎಂದರು. ಹಿಂದಿನ ದೀಪಾವಳಿಗೆ ಅದೇ ಕೋಣೆಯಲ್ಲಿ ತೆಗೆದ ಫೋಟೊ ತೋರಿಸಿದೆ, ಮುಚ್ಚಿಗೆ ಸ್ವಚ್ಛವಾಗಿತ್ತು. ಅವರು ಸುಮ್ಮನೆ ಬರೆದುಕೊಂಡರು. ಮಳೆಗಾಲಕ್ಕೆ ಮುಂಚೆ ಮಾಡು, ಗೋಡೆ, ತಾರಸಿಯ ಫೋಟೊ ತೆಗೆದಿಡಿ ಎಂದು ಈಗ ಎಲ್ಲರಿಗೂ ಹೇಳುತ್ತೇನೆ.

ಎಸ್ಟಿಮೇಟ್ ವಿಷಯದಲ್ಲಿ ನಮ್ಮ ಆಚಾರಿ ದೊಡ್ಡ ಉಪಕಾರ ಮಾಡಿದರು. “ಒಟ್ಟು ಇಷ್ಟು ಅಂತ ಬರೆದು ಕೊಡ್ತೇನೆ ಅಕ್ಕ” ಎಂದಿದ್ದರು. “ಹಾಗೆ ಬೇಡ ಆಚಾರ್ರೇ, ಬಿಡಿಬಿಡಿಯಾಗಿ ಬರೆಯಿರಿ” ಎಂದೆ. ಎಷ್ಟು ಹಂಚು, ಎಷ್ಟು ಅಡಿ ರೀಪು, ಎಷ್ಟು ಆಳು, ದರ ಎಷ್ಟು, ಎಲ್ಲ ಬೇರೆ ಬೇರೆ ಸಾಲು. ಶೀಟು ಮಾತ್ರ ಮೊದಲಿಗಿಂತ ದಪ್ಪದ್ದು ಹಾಕಿಸಿದೆವು. ಆ ಹೆಚ್ಚಿನ ಖರ್ಚು ನಮ್ಮದೇ ಎಂದು ಮೊದಲೇ ಬೇರೆ ತೋರಿಸಿದೆವು, ಅಲ್ಲಿ ತಕರಾರೇ ಬರಲಿಲ್ಲ. ಅವಶೇಷ ತೆಗೆಯುವ ಕೂಲಿಗೂ ಕ್ಲೇಮ್ ಮೊತ್ತದ ಶೇ 2ರವರೆಗೆ ಕೊಡುತ್ತಾರೆ, ಕೊಂಬೆ ಕಡಿದು ಸಾಗಿಸಿದವರಿಂದ ರಸೀದಿ ತಗೊಂಡಿದ್ದೆ.

ಕಂಪನಿ ಒಪ್ಪಿದ ಮೊತ್ತದಲ್ಲಿ ಕಂಪೌಂಡು ಗೋಡೆ ಬಿಟ್ಟುಹೋಗಿತ್ತು. ಜೊತೆಗೆ ಇದೇ ‘ಪೂರ್ಣ ಮತ್ತು ಅಂತಿಮ’ ಹಣ ಎಂದು ಒಪ್ಪುವ ವೋಚರಿಗೆ ಸಹಿ ಕೇಳಿದರು. ಸಹಿ ಹಾಕಿದ ಮಾತ್ರಕ್ಕೆ ಹೆಚ್ಚಿನ ಪರಿಹಾರ ಕೇಳುವ ಹಕ್ಕು ಹೋಗುವುದಿಲ್ಲ ಎಂದು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2015ರಲ್ಲೇ ಸುತ್ತೋಲೆ ಹೊರಡಿಸಿದೆ. ಆದರೂ ನಾನು ಮೊದಲು ಪತ್ರ ಬರೆದೆ. ಪಾಲಿಸಿಯಲ್ಲಿ ಕಟ್ಟಡ ಎಂದರೆ ಕಂಪೌಂಡು ಗೋಡೆಯೂ ಸೇರಿದೆ, ಆ ಸಾಲನ್ನು ಗುರುತು ಮಾಡಿ, ಫೋಟೊ ಜೊತೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಕಳಿಸಿದೆ. ಒಪ್ಪದಿದ್ದರೆ ಅಥವಾ ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ವಿಮೆಯ ದೂರುಗಳನ್ನು ಇತ್ಯರ್ಥ ಮಾಡುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ಹೋಗುವುದೆಂದು ಸಿದ್ಧವಾಗಿದ್ದೆ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಡ. ಅಷ್ಟರ ಅಗತ್ಯ ಬರಲಿಲ್ಲ, ಗೋಡೆಯ ಹಣವನ್ನೂ ಸೇರಿಸಿದರು.

ಪಾಲಿಸಿಯಲ್ಲಿ ಬ್ಯಾಂಕಿನ ಹೆಸರೂ ಇದ್ದುದರಿಂದ ಹಣ ನಮ್ಮ ಖಾತೆಗೆ ಬರಲು ಬ್ಯಾಂಕಿನ ಒಪ್ಪಿಗೆ ಪತ್ರ ಬೇಕಾಯಿತು. ಸಾಲ ಇರುವವರು ಈ ಪತ್ರಕ್ಕೆ ಮೊದಲ ವಾರವೇ ಅರ್ಜಿ ಕೊಡಿ, ಅದು ನಿಧಾನದ ಕೆಲಸ. ಪಾಲಿಸಿ ನವೀಕರಣದ ವೇಳೆ ಕಾರ್ಪೆಟ್ ಏರಿಯಾವನ್ನು (ಗೋಡೆಗಳ ಒಳಗಿನ ನೆಲದ ವಿಸ್ತೀರ್ಣ) ಈಗಿನ ಕಟ್ಟುವ ದರದಿಂದ ಗುಣಿಸಿ ವಿಮಾ ಮೊತ್ತ ಏರಿಸಿದೆವು. ಕಳೆದ ವರ್ಷ ಹಾಕಿಸಿದ ಸೋಲಾರನ್ನೂ ಆ ಲೆಕ್ಕಕ್ಕೆ ಸೇರಿಸಿದ್ದೇವೆ.