ನಾಲ್ಕು ಅಜ್ಜಿಯರು, ಒಂದೇ ವರದಿ

ನಮ್ಮೂರಿನ ನಾಲ್ಕು ಅಜ್ಜಿಯರ ಸಂಧ್ಯಾ ಸುರಕ್ಷಾ (ವೃದ್ಧರ ಪಿಂಚಣಿ) ಅರ್ಜಿ ಒಟ್ಟಿಗೇ ತಿರಸ್ಕಾರವಾಗಿತ್ತು. ಈಗ ನಾಲ್ವರಿಗೂ ತಿಂಗಳಿಗೆ 1,200 ಬರುತ್ತಿದೆ. "ಮೇಲ್ಮನವಿ ಹಾಕಿ ಗೆದ್ದವರು ಯಾರಿದ್ದಾರೆ ಸಾರ್? ಹೊಸ ಅರ್ಜಿ ಹಾಕಿಸಿ" ಎಂದು ನಕ್ಕಿದ್ದ ಸೇವಾ ಕೇಂದ್ರದ ಹುಡುಗನೇ ಈಗ ಜನರನ್ನು ನನ್ನ ಮನೆಗೆ ಕಳಿಸುತ್ತಾನೆ.

ಅವನ ಮಾತು ಕೇಳಿ ಹೊಸ ಅರ್ಜಿಯನ್ನೂ ಹಾಕಿಸಿದ್ದೆ, ಎರಡು ಸಲ. ಅದೇ ಮೇಜಿಗೆ ಹೋಗಿ ಅದೇ ಉತ್ತರ ಹೊತ್ತು ವಾಪಸ್ ಬಂದವು. ಅಫಿಡವಿಟ್ಟು, ಜೆರಾಕ್ಸು, ಆಟೋ ಎಲ್ಲ ಸೇರಿ ಒಬ್ಬೊಬ್ಬರಿಗೆ ಆರೇಳು ನೂರು ಕೈ ಬಿಟ್ಟಿತು. ಅಜ್ಜಿಯರು ಕಳಕೊಂಡ ಕೂಲಿ ಬೇರೆ.

ಆಮೇಲೆ ಎಸಿ (ಉಪವಿಭಾಗಾಧಿಕಾರಿ) ಕಚೇರಿಗೆ ಮೇಲ್ಮನವಿ ಒಯ್ದೆ. "ಹಿಂಬರಹ ಎಲ್ಲಿ?" ಅಂದರು. ತಿರಸ್ಕಾರಕ್ಕೆ ಕಾರಣ ಬರೆದು ಕೊಡುವ ಪತ್ರ ಅದು. ನಮ್ಮ ಕೈಯಲ್ಲಿ ಇದ್ದದ್ದು ಬರೀ ಬಾಯಿಮಾತಿನ ತಿರಸ್ಕಾರ. ನಾಲ್ಕೈದು ಸಲ ಅಲೆದ ಮೇಲೆ ಹಿಂಬರಹ ಸಿಕ್ಕಿತು. ತಾರೀಖು ನೋಡಿದರೆ ಐದು ವಾರ ಹಳೆಯದು! ಸರ್ಕಾರಿ ಸೇವೆ ಇಷ್ಟೇ ದಿನದಲ್ಲಿ ಕೊಡಬೇಕೆನ್ನುವ ಸಕಾಲ ಕಾಯ್ದೆಯಲ್ಲಿ ಮೇಲ್ಮನವಿಗಿರುವ 30 ದಿನ ಮುಗಿದೇ ಹೋಗಿತ್ತು. ಅವತ್ತಿನಿಂದ ಹಿಂಬರಹ ಪಡೆಯುವಾಗ ಸಹಿ ಪಕ್ಕದಲ್ಲಿ "ಈ ದಿನ ಕೈ ಸೇರಿತು" ಎಂದು ತಾರೀಖು ಹಾಕದೆ ನಾನು ಕದಲುವುದಿಲ್ಲ. ಗುಮಾಸ್ತರು ಗೊಣಗುತ್ತಾರೆ, ಗೊಣಗಲಿ.

ದಾರಿ ತೆರೆದದ್ದು ಮಾಹಿತಿ ಹಕ್ಕು. ಅಲ್ಲೂ ಮೊದಲು ಎಡವಿದೆ. ನಾಲ್ವರದ್ದೂ ಸೇರಿಸಿ ನನ್ನ ಹೆಸರಲ್ಲೇ ಒಂದು ಅರ್ಜಿ ಬರೆದೆ, ಎರಡು ಪುಟ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ವಾಪಸ್ ಬಂತು. ಎರಡನೇ ಸಲ ಪ್ರತಿ ಅಜ್ಜಿಯ ಹೆಸರಲ್ಲಿ ಬೇರೆ ಬೇರೆ ಅರ್ಜಿ, ಜೊತೆಗೆ ಬಿಪಿಎಲ್ ಕಾರ್ಡಿನ ನಕಲು. ಹತ್ತು ರೂಪಾಯಿ ಶುಲ್ಕವೂ ಉಳಿಯಿತು. ಕೇಳಿದ್ದು ಇಷ್ಟೇ: ನನ್ನ ಕಡತದಲ್ಲಿರುವ ಸ್ಥಳ ಪರಿಶೀಲನಾ ವರದಿಯ ಪ್ರತಿ ಕೊಡಿ.

ತಿಂಗಳ ಮೇಲೆ ಪ್ರತಿಗಳು ಬಂದವು. ಜಗಲಿ ಮೇಲೆ ಹರಡಿಕೊಂಡು ಓದಿದೆ. ನಾಲ್ಕರಲ್ಲೂ ಅಕ್ಷರ ಬಿಡದೆ ಒಂದೇ ಸಾಲು: "ಮಕ್ಕಳು ಸ್ಥಿತಿವಂತರಿದ್ದು, ಅರ್ಜಿದಾರರು ಅರ್ಹರಿರುವುದಿಲ್ಲ." ನಾಲ್ವರಲ್ಲಿ ಒಬ್ಬ ಅಜ್ಜಿಗೆ ಮಕ್ಕಳೇ ಇಲ್ಲ. ಓದಿ ಹೇಳಿದಾಗ, "ಯಾವೂರಲ್ಲವ್ನೋ ಕೇಳಪ್ಪ, ನಾನೂ ಒಂದ್ಸಲ ನೋಡ್ಬೇಕು" ಅಂದರು. ಜಗಲಿಯಲ್ಲಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ.

ಮೇಲ್ಮನವಿ ಮುಕ್ಕಾಲು ಪುಟ ಅಷ್ಟೇ. ಬಡತನದ ಕಥೆ ಬರೆಯಲೇ ಇಲ್ಲ. ವರದಿಯ ಸಾಲು, ಅದು ಯಾಕೆ ಸುಳ್ಳು, ಅದಕ್ಕೆ ದಾಖಲೆ. ತಡವಾದದ್ದಕ್ಕೆ ಹಿಂಬರಹ ಕೈ ಸೇರಿದ ದಿನ ತೋರಿಸಿದೆ. ಮರುವರದಿಗೆ ಕಡತವನ್ನು ಹಳೇ ವರದಿ ಬರೆದವರ ಹತ್ತಿರವೇ ಕಳಿಸುತ್ತಾರೆ ನೋಡಿ, ಅದನ್ನು ತಪ್ಪಿಸಲು ಕೊನೆಯಲ್ಲಿ ಒಂದು ಕೋರಿಕೆ ಸೇರಿಸಿದೆ. ಅದರ ಒಕ್ಕಣೆ ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರೂ ಓದುತ್ತಾರೆ ಅಲ್ವಾ?

ನಡುವೆ ಸರ್ಕಾರದ ದೂರು ಸಹಾಯವಾಣಿ 1902ಕ್ಕೂ ಫೋನ್ ಮಾಡಿ ನೋಡಿದೆ. ದೂರು ಎರಡೇ ವಾರದಲ್ಲಿ "ವಿಲೇವಾರಿ" ಆಯಿತು, ಅಜ್ಜಿ ಇದ್ದಲ್ಲೇ ಇದ್ದರು. ಪಿಂಚಣಿ ಅದಾಲತ್‌ಗೂ ಹೋದೆ. ಆಧಾರ್‌ನಲ್ಲಿ ಹೆಸರು ತಪ್ಪಿದ್ದ ಇನ್ನೊಬ್ಬರದ್ದು ಅಲ್ಲೇ ಸರಿಯಾಯಿತು. ತಿರಸ್ಕಾರದ ಕಡತಕ್ಕೆ ಮಾತ್ರ ಅದು ಆಗಿಬರಲಿಲ್ಲ.

ತಡವಾದರೆ ಸಕಾಲದಲ್ಲಿ ದಿನಕ್ಕೆ 20, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಇದೆ. ಕೇಳಲು ಹೊರಟಾಗ ಗುಮಾಸ್ತರು ಟೀ ಕುಡಿಸಿ, "ಬಿಡಿ ಸಾರ್, ನಮ್ಮ ಸಂಬಳದಲ್ಲಿ ಹಿಡೀತಾರೆ" ಅಂದರು. ಬಿಟ್ಟೆ. ಅದು ನನ್ನ ತಪ್ಪು. 500 ನನ್ನದಲ್ಲ, ಅಜ್ಜಿಯದು.

ಮೊದಲ ಅರ್ಜಿಯಿಂದ ಆದೇಶದವರೆಗೆ ಹದಿನಾಲ್ಕು ತಿಂಗಳು ಹಿಡಿಯಿತು. ಹಣ ಬಂದದ್ದು ಆದೇಶವಾದ ಮೇಲಿನ ತಿಂಗಳಿಂದ. ಹಿಂದಿನದ್ದು ಲೆಕ್ಕ ಹಾಕಿದರೆ ಒಬ್ಬೊಬ್ಬರಿಗೆ 16,800. ಸುಳ್ಳು ವರದಿಯಿಂದ ಆದ ತಡಕ್ಕೆ ಅಜ್ಜಿಯರು ಯಾಕೆ ದಂಡ ತೆರಬೇಕು? ಮಕ್ಕಳಿಲ್ಲದ ಅಜ್ಜಿಯ ಹೆಸರಲ್ಲಿ ಅದಕ್ಕೂ ಒಂದು ಮನವಿ ಬರೆದು, ಹೋದ ಸೋಮವಾರ ಸ್ಪೀಡ್ ಪೋಸ್ಟ್ ಮಾಡಿದ್ದೇನೆ.