ಕೃತ್ತಿಕೆ ಮಳೆಯಿಂದ ಶುರುವಾದ ಧೂಮಕೇತು ಬೇಟೆ

ನಮ್ಮಪ್ಪ ಮಳೆ ಲೆಕ್ಕ ಹಾಕುವುದು ನಕ್ಷತ್ರದ ಮೇಲೆ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ. ಚಿಕ್ಕವನಿದ್ದಾಗ ಒಮ್ಮೆ ಕೇಳಿದ್ದೆ, "ಅಪ್ಪಾ, ಕೃತ್ತಿಕೆ ಮಳೆ ಬರೋವಾಗ ಆಕಾಶದಲ್ಲಿ ಕೃತ್ತಿಕೆ ಯಾಕೆ ಕಾಣಲ್ಲ?" "ಸೂರ್ಯ ಅದರ ಪಕ್ಕದಲ್ಲೇ ಇರ್ತಾನಲ್ಲೋ, ಹೆಂಗೆ ಕಾಣುತ್ತೆ?" ಅಂದಿದ್ದರು.

2018ರ ಮೇ ತಿಂಗಳಲ್ಲಿ, ಸೂರ್ಯನನ್ನೇ ಸದಾ ನೋಡುವ ಸೋಹೊ ಎಂಬ ಬಾಹ್ಯಾಕಾಶ ನೌಕೆಯ ಚಿತ್ರಗಳನ್ನು ಸುಮ್ನೆ ತಿರುವಿ ಹಾಕುತ್ತಿದ್ದೆ. ಒಂದು ನೀಲಿ ಚಿತ್ರದ ಮೇಲ್ಭಾಗದಲ್ಲಿ ಪುಟ್ಟ ಗೊಂಚಲು. ಕೃತ್ತಿಕೆ! ಅದೂ ಸೂರ್ಯನ ಪಕ್ಕದಲ್ಲೇ. ಫೋನಿನಲ್ಲಿ ಅಪ್ಪನಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿ, "ಸರಿ, ಮಳೆ ಎಲ್ಲಿ?" ಅಂದರು.

ಸೋಹೊ 1995ರ ಡಿಸೆಂಬರ್‌ನಲ್ಲಿ ಹಾರಿದ್ದು. ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿ, ಸೂರ್ಯನ ಕಡೆಗೆ ಇದೆ. ಅದರಲ್ಲಿರುವ ಲಾಸ್ಕೊ ಎಂಬ ಉಪಕರಣ ಒಂದು ಬಿಲ್ಲೆಯಿಂದ ಸೂರ್ಯನ ಮುಖ ಮುಚ್ಚುತ್ತದೆ. ಬಿಸಿಲಲ್ಲಿ ಕಣ್ಣಿಗೆ ಅಂಗೈ ಅಡ್ಡ ಹಿಡಿಯುತ್ತೇವಲ್ಲ, ಹಾಗೆ. ಆಗ ಸೂರ್ಯನ ಸುತ್ತಲಿನ, ಹತ್ತು ಲಕ್ಷ ಪಟ್ಟು ಮಂಕಾದ ಹೊರ ಆವರಣ ಕರೋನಾ ಕಾಣುತ್ತದೆ. (ಆ ವೈರಸ್ಸಿಗೂ ಇದಕ್ಕೂ ಹೆಸರು ಬಂದಿದ್ದು ಕಿರೀಟ ಅನ್ನುವ ಅರ್ಥದ ಒಂದೇ ಪದದಿಂದ.) ಅಲ್ಲಿ ಗಾಳಿಯೇ ಇಲ್ಲ, ಹಾಗಾಗಿ ಹಗಲಿನ ನೀಲಿ ಆಕಾಶವೂ ಇಲ್ಲ. ಸೂರ್ಯನ ಪಕ್ಕದ ನಕ್ಷತ್ರವೂ ಕಾಣುತ್ತದೆ.

ಈ ಚಿತ್ರಗಳಲ್ಲಿ ಯಾರು ಬೇಕಾದರೂ ಧೂಮಕೇತು ಹುಡುಕಿ ವರದಿ ಮಾಡಬಹುದು ಅಂತ ಗೊತ್ತಾಗಿದ್ದು ಆಮೇಲೆ. 2024ರ ಮಾರ್ಚ್‌ನಲ್ಲಿ ಸೋಹೊ ಚಿತ್ರಗಳಲ್ಲಿ ಸಿಕ್ಕ ಧೂಮಕೇತುಗಳ ಲೆಕ್ಕ 5000 ಮುಟ್ಟಿತು. ಅದರಲ್ಲಿ ಹೆಚ್ಚಿನವನ್ನು ಕಂಡುಹಿಡಿದವರು ನನ್ನಂಥ ಹವ್ಯಾಸಿಗಳೇ. ನಾನೂ ಒಂದು ಹಿಡಿಯೋಣ ಅಂತ ಕೂತೆ.

ಮೊದಲ ಆರು ತಿಂಗಳು ಕಂಡದ್ದೆಲ್ಲ ಧೂಮಕೇತುವೇ! ಬಿಳಿ ಚುಕ್ಕೆ ಕಂಡರೆ ಎದೆ ಹೊಡೆದುಕೊಳ್ಳುತ್ತಿತ್ತು. ಮುಂದಿನ ಚಿತ್ರದಲ್ಲಿ ಅದು ಮಾಯ. ಕಾಸ್ಮಿಕ್ ಕಿರಣದ ಕಣ ಕ್ಯಾಮೆರಾಕ್ಕೆ ಬಡಿದ ಗುರುತು ಅಷ್ಟೇ. ಅಡ್ಡಕ್ಕೆ ಗೆರೆ ಎಳೆದಂತೆ ಹೊಳೆಯುವುದು ಶುಕ್ರನೋ ಬುಧನೋ. ಬೆಳಕು ಜಾಸ್ತಿಯಾಗಿ ಪಕ್ಕದ ಪಿಕ್ಸೆಲ್‌ಗಳಿಗೆ ಚೆಲ್ಲಿರುತ್ತದೆ.

ನನ್ನನ್ನು ಹೆಚ್ಚು ಆಟ ಆಡಿಸಿದ್ದು ಸೌರ ಮಾರುತ, ಅಂದರೆ ಸೂರ್ಯನಿಂದ ಸದಾ ಹೊರಗೆ ಹರಿಯುವ ಕಣಗಳ ಹೊಳೆ. ಕರೋನಾದಿಂದ ಹೊರಗೆ ಚಾಚಿದ ಉದ್ದ ಎಸಳುಗಳಿವೆ. ಅವುಗಳ ಗುಂಟ ಸಣ್ಣ ಮುದ್ದೆಗಳು ಜಾರಿಕೊಂಡು ಹೋಗುತ್ತವೆ. ನಿಧಾನಗತಿಯ ಸೌರ ಮಾರುತದ ಜೊತೆ ತೇಲಿ ಹೋಗುವ ಅನಿಲವದು. ಮಂಕಾಗಿ, ಉದ್ದುದ್ದವಾಗಿ, ಥೇಟ್ ಬಾಲವಿದ್ದ ಹಾಗೆ. ಒಂದು ಇಡೀ ಭಾನುವಾರ ಅಂಥದ್ದೊಂದರ ಹಿಂದೆ ಬಿದ್ದಿದ್ದೆ. ಸಂಜೆ ಹೊತ್ತಿಗೆ ತಲೆಗೆ ಹೊಳೆಯಿತು: ಇದು ಸೂರ್ಯನಿಂದ ದೂರ ಹೋಗುತ್ತಿದೆ! ನಾನು ಹುಡುಕುವ ಧೂಮಕೇತು ಸೂರ್ಯನ ಕಡೆಗೆ ಬೀಳಬೇಕು, ಅಲ್ವಾ?

ಆಮೇಲೆ ಅಂದಾಜು ಬಿಟ್ಟು ಅಳತೆಗೆ ಇಳಿದೆ. ಲಾಸ್ಕೊದಲ್ಲಿ ಈಗ ಕೆಲಸ ಮಾಡುವ ಕ್ಯಾಮೆರಾ ಎರಡು. ಸಿ2 ಸೂರ್ಯನ ಹತ್ತಿರದ್ದನ್ನು ನೋಡುತ್ತದೆ, ಚಿತ್ರ ಕೆಂಪು. ಸಿ3 ಸೂರ್ಯನ ತ್ರಿಜ್ಯದ 30 ಪಟ್ಟು ದೂರದವರೆಗೆ ನೋಡುತ್ತದೆ, ಚಿತ್ರ ನೀಲಿ. ಎರಡೂ ಬಣ್ಣ ಆಮೇಲೆ ಬಳಿದದ್ದು. 12 ನಿಮಿಷಕ್ಕೊಂದು ಚಿತ್ರ ಅಂತಿಟ್ಟುಕೊಳ್ಳಿ. ಸಿ3ಯಲ್ಲಿ ನಕ್ಷತ್ರ ಎಡದಿಂದ ಬಲಕ್ಕೆ ಅರ್ಧ ಪಿಕ್ಸೆಲ್ ಸರಿಯುತ್ತದೆ. ಧೂಮಕೇತು ಸುಮಾರು ಎರಡು ಪಿಕ್ಸೆಲ್. ಅದೇ ಧೂಮಕೇತು ಸಿ2ಗೆ ಬರುವಷ್ಟರಲ್ಲಿ ವೇಗ ಏರಿರುತ್ತದೆ, ಪಿಕ್ಸೆಲ್‌ಗಳೂ ಸಣ್ಣವು, ಹಾಗಾಗಿ ಹದಿನೈದು ಇಪ್ಪತ್ತು ಪಿಕ್ಸೆಲ್ ಹಾರುತ್ತದೆ. ಹೊಸಬರು ಸಿ2ರಿಂದಲೇ ಶುರು ಮಾಡಿ.

ನನ್ನ ಸಾಮಾನು ಹಳೇ ಲ್ಯಾಪ್‌ಟಾಪ್ ಒಂದೇ. ಒಂದು ದಿನದ ಚಿತ್ರಗಳನ್ನು ಒಂದೇ ಫೋಲ್ಡರಿಗೆ ಇಳಿಸುತ್ತೇನೆ. ಬಾಣದ ಕೀಲಿ ಒತ್ತಿ ಹಿಂದೆ ಮುಂದೆ ಆಡಿಸುತ್ತೇನೆ. ಇಡೀ ಚಿತ್ರ ನೋಡಲು ಹೋದರೆ ಏನೂ ಸಿಗಲ್ಲ. ಇವುಗಳಲ್ಲಿ ಬಹುಪಾಲು ಕ್ರಾಯ್ಟ್ಸ್ ಗುಂಪಿನವು. ಯಾವ ಕಾಲದಲ್ಲೋ ಒಡೆದ ಒಂದು ದೊಡ್ಡ ಧೂಮಕೇತುವಿನ ಚೂರುಗಳು. ಎಲ್ಲ ಹೆಚ್ಚುಕಡಿಮೆ ಒಂದೇ ದಾರಿ ಹಿಡಿದು ಬರುತ್ತವೆ. ಯಾವ ತಿಂಗಳು ಚಿತ್ರದ ಯಾವ ಕಡೆಯಿಂದ ಬರುತ್ತವೆ ಅಂತ ಗೊತ್ತಿದ್ದರೆ ಆ ಜಾಗವನ್ನಷ್ಟೇ ಕಾದರೆ ಸಾಕು. ಹಕ್ಕಿ ಹಿಡಿಯುವವನು ಬಯಲೆಲ್ಲ ಬಲೆ ಹಾಸುವುದಿಲ್ಲವಲ್ಲ.

ಇನ್ನೊಂದು ವಿಷಯ. ಸೋಹೊದ ಆಂಟೆನಾ 2003ರಲ್ಲಿ ಸಿಕ್ಕಿಹಾಕಿಕೊಂಡಿತು. ಆಗಿನಿಂದ ನೌಕೆಯನ್ನೇ ಸುಮಾರು ಮೂರು ತಿಂಗಳಿಗೊಮ್ಮೆ ತಲೆಕೆಳಗು ಮಾಡುತ್ತಾರೆ. ಆಗ ಬಿಲ್ಲೆ ಹಿಡಿದ ಕಡ್ಡಿಯ ನೆರಳು ಸಿ3 ಚಿತ್ರದ ಎಡ ಕೆಳಮೂಲೆಯಿಂದ ಬಲ ಮೇಲ್ಮೂಲೆಗೆ ಬರುತ್ತದೆ. ಇದು ಗೊತ್ತಿಲ್ಲದೆ ಒಮ್ಮೆ ನನ್ನ ಕಣ್ಣೇ ಕೆಟ್ಟಿತು ಅಂದುಕೊಂಡಿದ್ದೆ.

ಮೊದಲ ವರದಿ ಕಳಿಸಿದಾಗ ಎಡವಟ್ಟು ಮಾಡಿದೆ. ನನ್ನ ಸಾಫ್ಟ್‌ವೇರ್ ಪಿಕ್ಸೆಲ್‌ಗಳನ್ನು ಮೇಲಿನಿಂದ ಎಣಿಸುತ್ತಿತ್ತು, ನಾನು ಕೆಳಗಿನಿಂದ ಅಂತ ಬರೆದುಬಿಟ್ಟೆ. ಸಿ2ರ ಕೆಳಗಡೆಯಿಂದ ಬಂದ ನನ್ನ ಧೂಮಕೇತು ಕಾಗದದ ಮೇಲೆ ಉತ್ತರದಿಂದ ಇಳಿದಿತ್ತು! ಸರಿಪಡಿಸಿ ಕಳಿಸುವಷ್ಟರಲ್ಲಿ ಬೇರೆ ಯಾರೋ ಅದನ್ನೇ ವರದಿ ಮಾಡಿದ್ದರು. ಮೊದಲು ಹೇಳಿದವರದೇ ಲೆಕ್ಕ. ಅದು ನಿಜವಾದ ಧೂಮಕೇತುವೇ ಆಗಿತ್ತು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಇವತ್ತಿಗೂ ನನ್ನ ಹೆಸರಲ್ಲಿ ಒಂದೂ ಇಲ್ಲ.

ನಮ್ಮ ಇಸ್ರೋದ ಸೂರ್ಯ ನೌಕೆ ಆದಿತ್ಯ-ಎಲ್1 ಇದೆಯಲ್ಲ, ಅದರಲ್ಲಿ ಹುಡುಕಬಾರದಾ ಅಂತ ಗೆಳೆಯರು ಕೇಳುತ್ತಾರೆ. ಅದರ ಕರೋನಾ ಉಪಕರಣ ವೆಲ್ಕ್ ತಯಾರಾಗಿದ್ದು ನಮ್ಮ ಹೊಸಕೋಟೆಯಲ್ಲೇ, ಭಾರತೀಯ ಖಭೌತ ಸಂಸ್ಥೆಯಲ್ಲಿ. ಆದರೆ ಅದು ನೋಡುವುದು ಸೂರ್ಯನ ಅಂಚಿಗೆ ಅಂಟಿಕೊಂಡ ಜಾಗ, ತ್ರಿಜ್ಯದ 1.05 ಪಟ್ಟಿನಿಂದ ಶುರು. ನನ್ನ ಚೂರುಗಳಲ್ಲಿ ಹೆಚ್ಚಿನವು ಅಷ್ಟು ಹತ್ತಿರ ಹೋಗುವ ಮೊದಲೇ ಆವಿಯಾಗಿಬಿಡುತ್ತವೆ.

2024ರ ಅಕ್ಟೋಬರ್ 28ರಂದು ಅಟ್ಲಾಸ್ ಅನ್ನುವ ಕ್ರಾಯ್ಟ್ಸ್ ಧೂಮಕೇತು ಹಾಗೇ ಹೋಯಿತು. ಒಂದು ತಿಂಗಳ ಹಿಂದೆಯೇ ಸಿಕ್ಕಿತ್ತು, ಬರಿಗಣ್ಣಿಗೂ ಕಾಣಬಹುದು ಅಂತ ಆಸೆ ಹುಟ್ಟಿಸಿತ್ತು. ನಾನು ಚಿತ್ರಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಬಿಲ್ಲೆಯ ಹಿಂದೆ ಹೋದದ್ದು ಆಚೆ ಬರಲಿಲ್ಲ. ಪಕ್ಕದಲ್ಲಿ ಕೂತಿದ್ದ ಅಪ್ಪ "ಇನ್ನೊಂದು ಪಟ ಹಾಕು" ಅಂದರು. ಹಾಕಿದೆ. ಅದರಲ್ಲೂ ಇರಲಿಲ್ಲ.